ಏಳು ನದಿ, ಒಂದು ತಂಬಿಗೆ: ಅಭಿಷೇಕದ ನೀರಿನ ಕಥೆ



ಬಹರೈನಿನ ಬೇಸಿಗೆ ಗೊತ್ತಿರುವವರಿಗೆ ನಾನು ಹೇಳುವುದು ಕೂಡಲೇ ಅರ್ಥವಾಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಫ್ಲಾಟಿನ ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವುದು ಕೈ ಸುಡುವ ನೀರು. ಮಹಡಿಯ ಮೇಲಿನ ಟ್ಯಾಂಕಿನಲ್ಲಿ ಇಡೀ ದಿನ ಕಾದ ನೀರು ಅದು. ಹಾಗಾಗಿ ಬೆಳಗಿನ ಪೂಜೆಗೆ ಬೇಕಾದ ನೀರನ್ನು ಹಿಂದಿನ ರಾತ್ರಿಯೇ ತಾಮ್ರದ ತಂಬಿಗೆಯಲ್ಲಿ ಹಿಡಿದಿಟ್ಟು ಆರಿಸುವುದು ನಮ್ಮ ಮನೆಯ ರೂಢಿ. ನಮ್ಮ ದೇವರ ಗೂಡಿನಲ್ಲಿರುವುದು ಗೇಣುದ್ದವೂ ಇಲ್ಲದ ಒಂದು ಹಿತ್ತಾಳೆಯ ಕೃಷ್ಣ. ಅವನಿಗೆ ಅಷ್ಟು ನೀರು ಸಾಕು.

ಕೆಲವು ವರ್ಷಗಳ ಹಿಂದೆ ನಮ್ಮತ್ತೆ ಊರಿನಿಂದ ಬಂದಿದ್ದರು. ಎರಡನೆಯ ದಿನ ಬೆಳಿಗ್ಗೆ ನಾನು ಅಭಿಷೇಕಕ್ಕೆ ತಂಬಿಗೆ ಎತ್ತಿದಾಗ ಕೇಳಿದರು: "ಇದು ಎಲ್ಲಿಯ ನೀರಮ್ಮ?" ಸಮುದ್ರದ ನೀರನ್ನೇ ಯಂತ್ರದಲ್ಲಿ ಸಿಹಿ ಮಾಡಿ ಕೊಳವೆಯಲ್ಲಿ ಕಳಿಸುತ್ತಾರೆ ಅಂದೆ. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಕೋಣೆಗೆ ಹೋಗಿ, ಸೂಟ್‌ಕೇಸಿನ ತಳದಿಂದ ಸೀರೆಯಲ್ಲಿ ಸುತ್ತಿದ್ದ ಒಂದು ಪುಟ್ಟ ತಾಮ್ರದ ಗಿಂಡಿ ತಂದು ನನ್ನ ಮುಂದಿಟ್ಟರು. ಬಾಯಿಗೆ ಬೆಸುಗೆ ಹಾಕಿದ ಕಾಶಿಯ ಗಂಗೆ. "ಇದನ್ನೇ ಒಡೆದು ದಿನಕ್ಕೊಂದು ಹನಿ ಹಾಕು. ದೇವರಿಗೆ ಉಪ್ಪುನೀರು ಬೇಡ" ಅಂದರು.

ಆ ಗಿಂಡಿ ಏನು ಎಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ನಮ್ಮ ಕಡೆ ಅದನ್ನು ಸುಮ್ಮನೆ ಒಡೆಯುವುದಿಲ್ಲ. ಮನೆಯ ಹಿರಿಯರ ಕೊನೆಯ ಗಳಿಗೆಯಲ್ಲಿ ಬಾಯಿಗೆ ಬಿಡಲೆಂದು ಇಟ್ಟಿರುತ್ತಾರೆ. ಈ ವಯಸ್ಸಿನಲ್ಲಿ ಪರದೇಶಕ್ಕೆ ಹೋಗುತ್ತಿದ್ದೇನೆ, ಏನಾದರೂ ಆದರೆ ಇರಲಿ ಎಂದು ಅವರು ತಮಗಾಗಿ ತಂದುಕೊಂಡದ್ದು ಅದು. ನನ್ನ ಕೈಗೆ ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. "ನಾಳೆ ನೋಡೋಣ ಅತ್ತೆ" ಅಂದೆ. ಎಂ.ಎ. ಓದುವಾಗ ಕಟ್ಟಿಕೊಂಡ ಟಿಪ್ಪಣಿಗಳನ್ನೂ ಇಲ್ಲಿಗೆ ತಂದಿದ್ದ ಪುಸ್ತಕಗಳನ್ನೂ ಅಂದು ಮಧ್ಯಾಹ್ನ ಹೊರತೆಗೆದೆ. ದೇವರ ಅಭಿಷೇಕಕ್ಕೆ ಯಾವ ನೀರು ಆಗುತ್ತದೆ, ಯಾವುದು ಆಗುವುದಿಲ್ಲ? ಇದಕ್ಕೆ ಇತಿಹಾಸ ಏನು ಹೇಳುತ್ತದೆ? ಅಂದು ಹುಡುಕಿದ್ದನ್ನು, ಆಮೇಲೆ ಓದಿ ಸೇರಿಸಿಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮೂಲ ಪ್ರಶ್ನೆ. ದೇವರಿಗೆ ಸ್ನಾನ ಯಾಕೆ? ನಾನು ಕನ್ನಡ ಕಲಿಸುವ ಮಕ್ಕಳಲ್ಲಿ ಒಬ್ಬ ಹುಡುಗ ಕೇಳಿದ್ದ, "ಆಂಟಿ, ದೇವರಿಗೂ ಕೊಳೆ ಆಗುತ್ತಾ?" ಇಲ್ಲ. ವಿಗ್ರಹಕ್ಕೆ ಎಣ್ಣೆಜಿಡ್ಡು, ಧೂಳು, ಹಳೆಯ ಗಂಧ ಅಂಟುತ್ತದೆ ನಿಜ. ಅದನ್ನು ತೆಗೆಯಲು ನಾವು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಅದು ಬೇರೆ ಕೆಲಸ. ಅಭಿಷೇಕ ಬರುವುದು ಪೂಜೆಯ ಹದಿನಾರು ಉಪಚಾರಗಳ ಸಾಲಿನಲ್ಲಿ. ಮೊದಲು ಆವಾಹನೆ, ಅಂದರೆ ಕರೆಯುವುದು. ಆಮೇಲೆ ಆಸನ, ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು. ಆರನೆಯದು ಸ್ನಾನ. ನಂತರ ಬಟ್ಟೆ, ಗಂಧ, ಹೂವು, ಊಟ. ಈ ಸಾಲನ್ನು ನೋಡಿದರೆ ನಿಮಗೆ ಏನು ನೆನಪಾಗುತ್ತದೆ? ದೂರದಿಂದ ನಡೆದು ಬಂದ ನೆಂಟರನ್ನು ನಮ್ಮ ಅಜ್ಜಿಯರು ನಡೆಸಿಕೊಳ್ಳುತ್ತಿದ್ದ ಕ್ರಮವೇ ಅಲ್ಲವೇ? ಕೊಳೆ ಆಗಿದೆ ಎಂದು ಯಾರೂ ನೆಂಟರಿಗೆ ಬಿಸಿನೀರು ಕಾಯಿಸುವುದಿಲ್ಲ. ದಣಿದು ಬಂದಿದ್ದಾರೆ ಎಂದು ಕಾಯಿಸುತ್ತಾರೆ.

ಇನ್ನು 'ಅಭಿಷೇಕ' ಎಂಬ ಮಾತು. ಇದು ಮೊದಲು ದೇವರ ಮೂರ್ತಿಗೆ ಸಂಬಂಧಿಸಿದ ಮಾತಾಗಿರಲಿಲ್ಲ, ರಾಜನಿಗೆ ಸಂಬಂಧಿಸಿದ್ದು. 'ಪಟ್ಟಾಭಿಷೇಕ' ಎಂದು ಇಂದಿಗೂ ಹೇಳುತ್ತೇವೆ. ವೇದಕಾಲದ ರಾಜಸೂಯ ಯಾಗದಲ್ಲಿ ರಾಜನ ಮೇಲೆ ನೀರು ಸುರಿಯುವ ವಿಧಿ ಮುಖ್ಯವಾದದ್ದು. ಆ ನೀರು ಯಾವುದು ಎಂಬುದನ್ನು ಶತಪಥ ಬ್ರಾಹ್ಮಣ ಒಂದೊಂದಾಗಿ ಹೇಳುತ್ತದೆ. ಒಟ್ಟು 17 ಬಗೆ. ಸರಸ್ವತಿ ನದಿಯ ನೀರು, ಅಲೆಯ ನೀರು, ಸುಳಿಯ ನೀರು, ಹರಿಯುವ ನೀರು, ನಿಂತ ಕೊಳದ ನೀರು, ಬಾವಿಯ ನೀರು, ಬಿಸಿಲಿರುವಾಗಲೇ ಸುರಿದ ಮಳೆಯ ನೀರು, ಇಬ್ಬನಿ, ಜೇನು, ಹಾಲು, ತುಪ್ಪ, ಹಸು ಕರು ಹಾಕುವಾಗ ಬರುವ ನೀರು ಕೂಡ. ಇವನ್ನೆಲ್ಲ ಅತ್ತಿಯ ಮರದ ಪಾತ್ರೆಯಲ್ಲಿ ಬೆರೆಸಬೇಕು. ಸುರಿಯುವವರೂ ಒಬ್ಬರಲ್ಲ. ಪುರೋಹಿತ, ರಾಜನ ಬಂಧು, ಸ್ನೇಹದ ಕ್ಷತ್ರಿಯ, ವೈಶ್ಯ ಹೀಗೆ ಬೇರೆ ಬೇರೆ ಜನ ಬೇರೆ ಬೇರೆ ಮರದ ಪಾತ್ರೆಗಳಿಂದ ಸುರಿಯುತ್ತಾರೆ. ಆಳಬೇಕಾದವನ ತಲೆಯ ಮೇಲೆ ನಾಡಿನ ಎಲ್ಲ ನೀರೂ ಬೀಳಬೇಕು, ಬೇರೆ ಬೇರೆ ಕೈಗಳಿಂದ ಬೀಳಬೇಕು ಎಂಬುದು ಇದರ ಭಾವ ಎಂದು ನನಗನಿಸುತ್ತದೆ.

ಈ ಪಟ್ಟಿ ಓದುತ್ತಾ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಹದಿನೇಳರಲ್ಲಿ ಒಂದು, ನೀರುಗಳ ಒಡೆಯನ ನೀರು, ಅಂದರೆ ಸಮುದ್ರದ ನೀರು! ಅದೂ ಸಿಹಿ ಮಾಡದ, ನೇರ ಉಪ್ಪುನೀರು. ವಾಲ್ಮೀಕಿ ರಾಮಾಯಣದಲ್ಲೂ ಅಷ್ಟೇ. ರಾಮನ ಪಟ್ಟಾಭಿಷೇಕಕ್ಕೆ ವಾನರರು ನಾಲ್ಕು ಸಮುದ್ರಗಳಿಂದಲೂ ಐನೂರು ನದಿಗಳಿಂದಲೂ ನೀರು ಹೊತ್ತು ತರುತ್ತಾರೆ. ಅತ್ತೆಗೆ ಹೇಳಲು ನನಗೆ ಮೊದಲ ಉತ್ತರ ಸಿಕ್ಕಿದ್ದು ಅಲ್ಲಿ.

ರಾಜನ ಅಭಿಷೇಕ ಕ್ರಮೇಣ ದೇವರಿಗೆ ಬಂತು. ಭಾರ್ಹುತ್ ಮತ್ತು ಸಾಂಚಿಯ ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲ್ಪಗಳಲ್ಲಿ ಎರಡು ಆನೆಗಳು ಕಮಲದ ಮೇಲಿರುವ ದೇವಿಗೆ ಕೊಡದಿಂದ ನೀರೆರೆಯುತ್ತವೆ. ನಮ್ಮ ಚಾಲುಕ್ಯ, ಹೊಯ್ಸಳ ಕಾಲದ ಗುಡಿಗಳ ಬಾಗಿಲುವಾಡದ ನೆತ್ತಿಯಲ್ಲಿ ನೀವು ಕಂಡಿರುವ ಗಜಲಕ್ಷ್ಮಿ ಇವಳೇ. ಜೈನ ಪರಂಪರೆಯಲ್ಲಿ ತೀರ್ಥಂಕರ ಹುಟ್ಟಿದಾಗ ಇಂದ್ರ ಮಗುವನ್ನು ಮೇರು ಪರ್ವತಕ್ಕೆ ಒಯ್ದು ಕ್ಷೀರಸಮುದ್ರದ ನೀರಿನಿಂದ ಜನ್ಮಾಭಿಷೇಕ ಮಾಡುತ್ತಾನೆ. 941ರಲ್ಲಿ ನಮ್ಮ ಪಂಪ ಬರೆದ ಆದಿಪುರಾಣದಲ್ಲಿ ಆ ಸಂದರ್ಭ ಬರುತ್ತದೆ. ಅಲ್ಲಿಯೂ ನೀರು ಬರುವುದು ಸಮುದ್ರದಿಂದಲೇ.

ಕರ್ನಾಟಕದ ಶಾಸನಗಳನ್ನು ಓದಿದವರಿಗೆ 'ಅಂಗಭೋಗ ರಂಗಭೋಗ' ಎಂಬ ಜೋಡಿಪದ ಪರಿಚಿತ. ದೇವಸ್ಥಾನಕ್ಕೆ ಭೂಮಿ ಬಿಡುವಾಗ ಯಾವ ಖರ್ಚಿಗೆ ಎಂದು ಬರೆಸುತ್ತಿದ್ದರು. ರಂಗಭೋಗ ಎಂದರೆ ಸಂಗೀತ, ನೃತ್ಯದಂಥ ಸೇವೆ. ಅಂಗಭೋಗ ಎಂದರೆ ದೇವರ ಮೈಗೆ ಮಾಡುವ ಸೇವೆ: ಎಣ್ಣೆ, ಸ್ನಾನ, ಗಂಧ, ಬಟ್ಟೆ. ಒಬ್ಬ ದೊರೆಯೋ ವ್ಯಾಪಾರಿಯೋ ಗದ್ದೆ ಬಿಟ್ಟುಕೊಟ್ಟರೆ ಅದರ ಬೆಳೆಯಲ್ಲಿ ಒಂದು ಪಾಲು ದೇವರ ಮೈಮೇಲೆ ಹಾಲು ತುಪ್ಪವಾಗಿ ಇಳಿಯುತ್ತಿತ್ತು. ಆ ದಾನವನ್ನು ಕೊಡುವುದೂ ಹೇಗೆ? 'ಧಾರಾಪೂರ್ವಕ', ಅಂದರೆ ನೀರು ಸುರಿದೇ.

ಗುಡಿಯ ಕಟ್ಟಡವೇ ಈ ನೀರಿಗೆ ತಕ್ಕಂತೆ ಬೆಳೆಯಿತು. ಶಿವಲಿಂಗದ ಪೀಠದ ಹರಿನಾಳ ಸಾಮಾನ್ಯವಾಗಿ ಉತ್ತರಕ್ಕೆ ಮುಖ ಮಾಡಿರುತ್ತದೆ. ಗರ್ಭಗುಡಿಯ ಉತ್ತರ ಗೋಡೆಯಲ್ಲಿ ಆ ನೀರು ಹೊರಗೆ ಬರಲು ಒಂದು ಬಾಯಿ ಇರುತ್ತದೆ, ಅದನ್ನು ಹಸುವಿನ ಮುಖದಂತೆಯೋ ಮಕರದ ಮುಖದಂತೆಯೋ ಕೆತ್ತಿರುತ್ತಾರೆ. ಚಿಕ್ಕವರಿದ್ದಾಗ ಪ್ರದಕ್ಷಿಣೆ ಹಾಕುತ್ತಾ ಅಲ್ಲಿ ಕೈಯೊಡ್ಡಿ ತೀರ್ಥ ಹಿಡಿದದ್ದು ನಿಮಗೂ ನೆನಪಿರಬಹುದು. ಹೊಸ ವಿಗ್ರಹವನ್ನು ಪ್ರತಿಷ್ಠೆಗೆ ಮುಂಚೆ ನೀರಿನಲ್ಲಿ ಮಲಗಿಸುವ ಜಲಾಧಿವಾಸ ಎಂಬ ವಿಧಿಯೂ ಇದೆ. ಕಲ್ಲು ದೇವರಾಗುವ ಮೊದಲ ಮೆಟ್ಟಿಲುಗಳಲ್ಲಿ ಒಂದು ನೀರು.

ಎಲ್ಲ ಮೂರ್ತಿಗೂ ದಿನವೂ ನೀರು ಹಾಕಲು ಆಗುವುದಿಲ್ಲ. ಅದಕ್ಕೂ ಹಿರಿಯರು ದಾರಿ ಕಂಡುಕೊಂಡರು. ಮೂಲಮೂರ್ತಿಗೆ ಬದಲಾಗಿ ಸ್ನಾನಕ್ಕೆಂದೇ ಒಂದು ಚಿಕ್ಕ ಲೋಹದ ಮೂರ್ತಿ ಇಡುತ್ತಾರೆ. ತಿರುಪತಿಯಲ್ಲಿ ಪಲ್ಲವ ರಾಣಿ ಸಾಮವೈ ಕೊಟ್ಟ ಬೆಳ್ಳಿಯ ಭೋಗ ಶ್ರೀನಿವಾಸನಿಗೆ ನಿತ್ಯದ ಅಭಿಷೇಕ ನಡೆಯುತ್ತದೆ. ಚಿತ್ರಕ್ಕೋ ಮಣ್ಣಿನ ಮೂರ್ತಿಗೋ ಪೂಜೆಯಾದರೆ ಎದುರಿಗೆ ಕನ್ನಡಿ ಇಟ್ಟು, ಕನ್ನಡಿಯಲ್ಲಿ ಕಾಣುವ ಬಿಂಬಕ್ಕೆ ನೀರೆರೆಯುವ ಪದ್ಧತಿಯೂ ಇದೆ. ಪುರಿಯ ಜಗನ್ನಾಥ ಮರದ ಮೂರ್ತಿ. ಅವನಿಗೆ ಜ್ಯೇಷ್ಠ ಹುಣ್ಣಿಮೆಯ ದಿನ 108 ಕೊಡಗಳ ಸ್ನಾನ. ಆಮೇಲೆ ಜ್ವರ ಬಂತೆಂದು ಹದಿನೈದು ದಿನ ದರ್ಶನವೇ ಇಲ್ಲ! ದೇವರನ್ನು ಮನೆಯ ಮನುಷ್ಯನಂತೆ ಕಾಣುವ ಈ ಸಲಿಗೆ ಎಷ್ಟು ಚಂದ ನೋಡಿ.

ಅಭಿಷೇಕ ಎಂದಾಗ ಕನ್ನಡಿಗರಿಗೆ ಶ್ರವಣಬೆಳಗೊಳ ನೆನಪಾಗದೆ ಇರದು. ಅದು ಜೈನರ ಪರಂಪರೆ, ಅದರ ತತ್ತ್ವವೂ ಬೇರೆ. ಅಲ್ಲಿ ಬಾಹುಬಲಿಯನ್ನು ವರ ಕೇಳಲು ಕರೆಯುವುದಿಲ್ಲ, ಎಲ್ಲವನ್ನೂ ಬಿಟ್ಟವನ ಗುಣವನ್ನು ನೆನೆಯುತ್ತಾರೆ. ಆದರೂ ನೀರಿನ ಈ ಕಥೆಗೆ ಆ ಬೆಟ್ಟ ಬೇಕು. ಗಂಗರ ಮಂತ್ರಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಸುಮಾರು 58 ಅಡಿಯ ಮೂರ್ತಿ ಅದು. ಮಸ್ತಕಾಭಿಷೇಕದ ಹಳೆಯ ಶಾಸನದಾಖಲೆ 1398ರದು. ಪಂಡಿತಾಚಾರ್ಯರು ಏಳು ಸಲ ಅದನ್ನು ಮಾಡಿಸಿದರೆಂದು ಆ ಶಾಸನ ಹೇಳುತ್ತದೆ. 1612ರದ್ದನ್ನು ಕವಿ ಪಂಚಬಾಣ ಹೇಳಿದ್ದಾನೆ. 1677ರಲ್ಲಿ ಚಿಕ್ಕದೇವರಾಜ ಒಡೆಯರ ಮಂತ್ರಿ ವಿಶಾಲಾಕ್ಷ ಪಂಡಿತ ಮಾಡಿಸಿದ. ನಮ್ಮ ಕಾಲಕ್ಕೆ 1981, 1993, 2006, 2018. ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಗಂಧ, ಕೇಸರಿ ಒಂದಾದ ಮೇಲೊಂದು ಇಳಿಯುವಾಗ ಬೂದುಕಲ್ಲು ಬಿಳಿಯಾಗಿ, ಹಳದಿಯಾಗಿ, ಕೆಂಪಾಗಿ ಬದಲಾಗುವುದನ್ನು ಟಿವಿಯಲ್ಲಾದರೂ ನೋಡಿರುತ್ತೀರಿ.

ಆ ಬೆಟ್ಟದ ಐತಿಹ್ಯ ನಿಮಗೆಲ್ಲ ಗೊತ್ತಿದ್ದದ್ದೇ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅದು ಗೊಮ್ಮಟನ ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಆಗ ಒಬ್ಬ ಮುದುಕಿ ಗುಳ್ಳದ ಕಾಯಿಯ ಚಿಪ್ಪಿನಲ್ಲಿ ಒಂದಿಷ್ಟು ಹಾಲು ತಂದಳು. ಜನ ನಕ್ಕರು. ಅವಳು ಎರೆದ ಹಾಲು ಪಾದ ಮುಟ್ಟಿ ಬೆಟ್ಟದಿಂದ ಕೆಳಗೆ ಹರಿಯಿತು. ಅದು ನಡೆದ ಸಂಗತಿಯೋ ಅಲ್ಲವೋ ಎಂದು ಕೇಳುವುದಕ್ಕಿಂತ, ಗೊಮ್ಮಟನ ಎದುರಿಗೇ ಆ ಗುಳ್ಳಕಾಯಜ್ಜಿಯ ಕಲ್ಲಿನ ಮೂರ್ತಿಯನ್ನು ನಿಲ್ಲಿಸಿದ್ದಾರೆ ಎಂಬುದನ್ನು ಗಮನಿಸಿ. ಇಷ್ಟು ದೊಡ್ಡ ಅಭಿಷೇಕ ನಡೆಯುವ ಜಾಗದಲ್ಲಿ, ಕೊಡದ ಲೆಕ್ಕ ಮುಖ್ಯವಲ್ಲ ಎಂದು ನೆನಪಿಸಲು ಅವಳು ನಿಂತಿದ್ದಾಳೆ.

ಹನ್ನೆರಡನೆಯ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗುಡಿಯನ್ನೇ ಬಿಟ್ಟು ಲಿಂಗವನ್ನು ಅಂಗೈಗೆ ತಂದರು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದವರಿಗೆ ಅರ್ಚಕರ ಅಗತ್ಯವಿಲ್ಲ, ದಾನದ ಗದ್ದೆ ಬೇಡ, ಪುಷ್ಕರಣಿ ಬೇಡ. ಹೆಣ್ಣಾಗಲಿ ಗಂಡಾಗಲಿ, ಯಾವ ಕಾಯಕದವರೇ ಆಗಲಿ, ತಾವಿರುವಲ್ಲೇ ಒಂದು ಬಟ್ಟಲು ನೀರಿನಲ್ಲಿ ಮಜ್ಜನ ಮಾಡಿಸಬಹುದು. ಗುಂಡಿಗೆ ತೊಳೆಯದೆ ತೀರ್ಥ ಮುಳುಗಿ ಏನು ಫಲ ಎಂದು ಕೇಳಿದವರೂ ಅವರೇ, ಆಮೇಲೆ ದಾಸರೂ ಅದನ್ನೇ ಕೇಳಿದರು.

ಇನ್ನು ಉಡುಪಿಗೆ ಬರೋಣ. ಬಹರೈನಿನ ಕನ್ನಡಿಗರಲ್ಲಿ ಕರಾವಳಿಯವರು ಬಹಳ, ಈ ಕಥೆ ಅವರ ತೊಡೆಯ ಮೇಲೆ ಬೆಳೆದದ್ದು. ದ್ವಾರಕೆಯ ಕಡೆಯಿಂದ ಬಂದ ಒಂದು ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಅದನ್ನು ಪಾರುಮಾಡಿದರು. ಹಡಗಿನವನು ಕೃತಜ್ಞತೆಯಿಂದ ಏನು ಬೇಕೆಂದಾಗ ಅವರು ಕೇಳಿದ್ದು ಭಾರಕ್ಕೆಂದು ಹಡಗಿನಲ್ಲಿ ಇಟ್ಟಿದ್ದ ಗೋಪೀಚಂದನದ ಮಣ್ಣಿನ ಗಡ್ಡೆ. ಅದರೊಳಗೆ ಕಡೆಗೋಲು ಹಿಡಿದ ಬಾಲಕೃಷ್ಣ. ಮಣ್ಣು ಮೆತ್ತಿದ ಆ ಮೂರ್ತಿಯನ್ನು ಮಠದ ಕೆರೆಯಲ್ಲಿ ತೊಳೆದು ಪ್ರತಿಷ್ಠೆ ಮಾಡಿದರು. ಆ ಕೆರೆಯೇ ಇಂದಿನ ಮಧ್ವ ಸರೋವರ. ಇದು ಹದಿಮೂರನೆಯ ಶತಮಾನದ ಸಂಗತಿ ಎಂದು ಪರಂಪರೆ ಹೇಳುತ್ತದೆ. ಅಂದಿನಿಂದ ಉಡುಪಿಯ ದಿನ ಶುರುವಾಗುವುದು ನಿರ್ಮಾಲ್ಯ ತೆಗೆದು ಕೃಷ್ಣನಿಗೆ ಅಭಿಷೇಕ ಮಾಡುವುದರಿಂದ. ಮೂರ್ತಿಯನ್ನು ಮುಟ್ಟುವವರು ಯತಿಗಳು ಮಾತ್ರ. ಎರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ದಿನ, ಹೊಸದಾಗಿ ಬರುವ ಸ್ವಾಮಿಗಳು ನಸುಕಿನಲ್ಲಿ ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಗೆ ಬರುತ್ತಾರೆ. ದೇವರಿಗೆ ನೀರೆರೆಯುವವರು ಮೊದಲು ತಾವು ಮೀಯಬೇಕು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಏನೆಂದರೆ, ಉಡುಪಿಯ ಕೃಷ್ಣನೇ ಸಮುದ್ರದ ಮೇಲೆ ಊರು ಬಿಟ್ಟು ಬಂದವನು. ಹುಟ್ಟಿದೂರಿನ ನೀರು ಕೇಳದೆ, ಬಂದಿಳಿದ ಊರಿನ ಕೆರೆಯಲ್ಲಿ ಸ್ನಾನ ಮಾಡಿದವನು.

ಹೀಗೆ ಹೊಸ ನೆಲಕ್ಕೆ ಹೋದ ದೇವರ ಕಥೆ ನಮ್ಮ ಕಾಲದಲ್ಲೂ ನಡೆದಿದೆ. 1990ರಲ್ಲಿ ಅಮೆರಿಕದ ಬೋಸ್ಟನ್ ಹತ್ತಿರದ ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನದ ಕುಂಭಾಭಿಷೇಕದಲ್ಲಿ ಗಂಗೆಯ ನೀರಿನ ಜೊತೆ ಮಿಸಿಸಿಪಿ, ಕೊಲೊರಾಡೊ, ಮೆರಿಮ್ಯಾಕ್ ನದಿಗಳ ನೀರನ್ನೂ ಸುರಿದರು. ಶತಪಥ ಬ್ರಾಹ್ಮಣದ ಪಟ್ಟಿಗೆ ಮೂರು ಹೆಸರು ಸೇರಿದಂತಾಯಿತು, ಅಷ್ಟೇ.

ಹಾಗಾದರೆ ನಾವಿರುವ ಈ ದ್ವೀಪದ ನೀರು? 'ಬಹರೈನ್' ಎಂದರೆ ಎರಡು ಸಮುದ್ರ. ಸುತ್ತಲೂ ಉಪ್ಪುನೀರಿದ್ದರೂ ನೆಲದೊಳಗಿನಿಂದ, ಸಮುದ್ರದ ತಳದಿಂದಲೂ ಸಿಹಿನೀರಿನ ಊಟೆಗಳು ಚಿಮ್ಮುತ್ತಿದ್ದ ಜಾಗ ಇದು. ಮುತ್ತಿಗಾಗಿ ಮುಳುಗುತ್ತಿದ್ದವರು ಚರ್ಮದ ಚೀಲ ಹಿಡಿದು ಕೆಳಗಿಳಿದು, ಸಮುದ್ರದೊಳಗಿನ ಊಟೆಯಿಂದ ಕುಡಿಯುವ ನೀರು ತುಂಬಿಕೊಂಡು ಬರುತ್ತಿದ್ದರು. ಇಲ್ಲಿನ ಬಾರ್‌ಬಾರ್ ಎಂಬ ಹಳ್ಳಿಯಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞರು 1954ರಿಂದ ಅಗೆದು ಸುಮಾರು ನಾಲ್ಕು ಸಾವಿರ ವರ್ಷದ ಹಳೆಯ ದೇವಾಲಯವನ್ನು ಹೊರತೆಗೆದರು. ಅಲ್ಲಿ ಕಲ್ಲಿನ ಮೆಟ್ಟಿಲು ಇಳಿದು ಹೋದರೆ ಊಟೆಯ ಮೇಲೆ ಕಟ್ಟಿದ ಕೊಳ. ನೆಲದಡಿಯ ಸಿಹಿನೀರಿನ ದೇವರಾದ ಎಂಕಿಗೆ ಸೇರಿದ ಗುಡಿ ಅದಾಗಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ನಾನು ಆ ಮೆಟ್ಟಿಲುಗಳ ಮೇಲೆ ನಿಂತಾಗ ನಮ್ಮ ಕಲ್ಯಾಣಿಗಳೇ ಕಣ್ಣ ಮುಂದೆ ಬಂದವು.

ಇಲ್ಲಿನ ಅಧಾರಿ ಎಂಬ ಊಟೆಯ ಬಗ್ಗೆ ಸ್ಥಳೀಯರಲ್ಲಿ ಒಂದು ಗಾದೆ ಇದೆ, ಅದು ಹತ್ತಿರದವರನ್ನು ಬಿಟ್ಟು ದೂರದವರಿಗೆ ನೀರುಣಿಸುತ್ತದೆ ಎಂದು. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಊರಿನ ಬ್ರಹ್ಮಕಲಶೋತ್ಸವದ ರಸೀದಿ ಪುಸ್ತಕ ಬಂದ ಕೂಡಲೇ ಇಲ್ಲಿ ಓವರ್‌ಟೈಮ್ ದುಡಿದದ್ದನ್ನು ಕಳಿಸುವ ನಾವೆಲ್ಲ ಅಧಾರಿಗಳೇ ತಾನೇ! ಈಗ ಆ ಊಟೆಗಳು ಬತ್ತಿವೆ. ನಾವು ಬಳಸುವ ನೀರಿನ ಬಹುಪಾಲು ಸಮುದ್ರದ್ದು.

ಮನಾಮಾದ ಹಳೆಯ ಪೇಟೆಯಲ್ಲಿ ಶ್ರೀನಾಥಜಿಯ ದೇವಸ್ಥಾನವಿದೆ. ಸಿಂಧ್ ಪ್ರಾಂತದ ಥಟ್ಟಾದಿಂದ ಬಂದ ವ್ಯಾಪಾರಿಗಳು ಸುಮಾರು ಇನ್ನೂರು ವರ್ಷಗಳ ಹಿಂದೆ ಕಟ್ಟಿದ್ದು. 2019ರ ಆಗಸ್ಟಿನಲ್ಲಿ ಭಾರತದ ಪ್ರಧಾನಿ ಅಲ್ಲಿಗೆ ಬಂದಾಗ ಅದರ ಹೆಸರು ಹೊರಗಿನವರಿಗೂ ಗೊತ್ತಾಯಿತು. ಆ ವ್ಯಾಪಾರಿಗಳು ಹಾಯಿಹಡಗಿನಲ್ಲಿ ಬಂದ ಕಾಲದಲ್ಲಿ ಇಲ್ಲಿದ್ದದ್ದು ಊಟೆ ಬಾವಿಗಳ ನೀರು. ಮನೆಯ ದೇವರನ್ನು ಜೊತೆಗೆ ತಂದವರು ಆ ನೀರನ್ನೇ ನೆಚ್ಚಿ ಬದುಕಿದರು.

ಮರುದಿನ ಬೆಳಿಗ್ಗೆ ಇದನ್ನೆಲ್ಲ ಅತ್ತೆಗೆ ಹೇಳಿದೆ. ಶತಪಥ, ರಾಮಾಯಣ, ಬಾರ್‌ಬಾರ್ ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖ ಅಷ್ಟೇನೂ ಸಡಿಲವಾಗಲಿಲ್ಲ. ಆಗ ನಾನು ಕೇಳಿದೆ: "ಅತ್ತೆ, ಊರಲ್ಲಿ ಬಾವಿನೀರು ತಂದಿಟ್ಟುಕೊಂಡು ಕಲಶಪೂಜೆ ಮಾಡುವಾಗ ಏನು ಹೇಳುತ್ತಿದ್ದಿರಿ?" ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಏಳನ್ನೂ ಹೆಸರು ಹಿಡಿದು ಈ ನೀರಿಗೆ ಬನ್ನಿ ಎಂದು ಕರೆಯುವ ಮಂತ್ರ ಅದು. "ಗಂಗೆ ಮನೆ ಬಾಗಿಲಲ್ಲೇ ಹರಿಯುತ್ತಿದ್ದರೆ ಕರೆಯಬೇಕಿತ್ತಾ? ದೂರ ಇರುವವರಿಗೆಂದೇ ಅಲ್ಲವಾ ಆ ಮಂತ್ರ ಇರುವುದು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ತಂಬಿಗೆಯ ಮೇಲೆ ಕೈಯಿಟ್ಟು ಏಳು ಹೆಸರನ್ನೂ ನಿಧಾನವಾಗಿ ಹೇಳಿದರು. ನಾನು ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಒಂದೊಂದು ಚಮಚ ಹಾಕಿ, ಕೊನೆಗೆ ನೀರೆರೆದೆ. ಅಷ್ಟೇ ಹಾಕುವುದು ನಾವು. ಅದನ್ನು ತಟ್ಟೆಯಲ್ಲಿ ಹಿಡಿದು ಬಾಳೆಹಣ್ಣು ಸೇರಿಸಿ ಎಲ್ಲರೂ ತೀರ್ಥವಾಗಿ ಕುಡಿಯುತ್ತೇವೆ, ಚರಂಡಿಗೆ ಒಂದು ಹನಿಯೂ ಹೋಗುವುದಿಲ್ಲ. ಹಾಲು ವ್ಯರ್ಥವಾಗುತ್ತದಲ್ಲ ಎಂದು ಕೇಳುವ ನಮ್ಮ ಮಕ್ಕಳಿಗೆ ಇದನ್ನು ತೋರಿಸುವುದು ಒಳ್ಳೆಯದು. ಅವರ ಪ್ರಶ್ನೆ ತಪ್ಪಲ್ಲ, ಗುಳ್ಳಕಾಯಜ್ಜಿಯ ಕಥೆಯಲ್ಲಿ ಅದಕ್ಕೆ ಉತ್ತರವೂ ಇದೆ.

ಅತ್ತೆ ಮೂರು ತಿಂಗಳು ಇದ್ದರು. ದಿನವೂ ರಾತ್ರಿ ತಂಬಿಗೆಗೆ ನೀರು ಹಿಡಿದಿಡುವ ಕೆಲಸ ಅವರದಾಯಿತು. ಹೊರಡುವ ಹಿಂದಿನ ದಿನ ಗಿಂಡಿಯನ್ನು ಅದೇ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಇಟ್ಟುಕೊಂಡರು, ಬೆಸುಗೆ ಹಾಗೇ ಇತ್ತು.

ನಿಮ್ಮ ಮನೆಗಳಲ್ಲೂ ಇಂಥ ಪ್ರಶ್ನೆಗಳು ಎದ್ದಿರಬಹುದು. ಮೆಲ್ಬೋರ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಮಸ್ಕತ್ತಿನಲ್ಲೋ ನಿಮ್ಮ ದೇವರ ತಂಬಿಗೆಗೆ ಯಾವ ನದಿ, ಯಾವ ಸಮುದ್ರದ ನೀರು ಬರುತ್ತದೆ ಎಂದು ಒಮ್ಮೆ ವಿಚಾರಿಸಿ ನೋಡಿ. ತಿಳಿದರೆ ನಾಳೆ ಬೆಳಿಗ್ಗೆ ಏಳು ಹೆಸರಿನ ಜೊತೆ ಅದರ ಹೆಸರನ್ನೂ ಸೇರಿಸಿ ಕರೆಯಿರಿ.